ಎರಡನೇ ಸಹಿ

ಬಸ್ಸಿಗೆ ಕಾಯುವ ಸಾಲಿನಲ್ಲಿ ನನ್ನ ಮುಂದೆ ಶಿಶುವಿಹಾರದ ಆಯಾಗಳಿಬ್ಬರು, ಒಬ್ಬಾಕೆ ಹಿರಿಯಳು.

“ಅಕ್ಕಾ, ಮಿಸ್ಸು ಇವತ್ತೂ ಕುಡ್ಕೊಂಡು ಬಂದಿದ್ರು.”

“ಕೆಮ್ಮಿನ ಔಷಧಿ ಅಂದ್ರಲ್ಲೇ.”

“ಔಷಧಿ ಕುಡಿದೋರು ಗೋಡೆ ಹಿಡ್ಕೊಂಡು ನಡೀತಾರಾ?”

“ಸುಮ್ನೆ ಅನುಮಾನ ಪಡ್ಬೇಡ.”

“ಪಾರ್ಕಿಂದ ಬಂದ್ಮೇಲೆ ಮಕ್ಕಳನ್ನ ಎಣಿಸಿ ಹನ್ನೆರಡು ಅಂತ ಬರೆದ್ರು. ಇದ್ದಿದ್ದು ಹನ್ನೊಂದೇ. ಪುಟ್ಟಿ ಇನ್ನೂ ಜಾರುಬಂಡೆ ಹತ್ರ ಅಳ್ತಾ ನಿಂತಿದ್ಲು. ನಾನೇ ಓಡಿಹೋಗಿ ಎತ್ಕೊಂಡು ಬಂದೆ.”

“ಸದ್ಯ, ಸಿಕ್ಕಿದ್ಲಲ್ಲ. ದೊಡ್ಡ ಮೇಡಂ ಹತ್ರ ಬಾಯಿ ಬಿಡ್ಬೇಡ.”

“ನಿಮಗ್ಯಾಕೆ ಅಷ್ಟು ಭಯ?”

“ಎಣಿಕೆ ಪುಸ್ತಕದಲ್ಲಿ ಎರಡನೇ ಸಹಿ ನಂದು ಕಣೇ.”

“ಅಂದ್ರೆ ನೀವೂ ಎಣಿಸಿದ್ರಾ?”

“ಸಂಜೆ ಯಾರಿಗೆ ಪುರುಸೊತ್ತು? ಬೆಳಿಗ್ಗೇನೇ ಹಾಕಿಟ್ಟುಬಿಡ್ತೀನಿ.”

“ದಿನಾನೂ?”

ಬಸ್ಸು ಬಂತು, ಹಿರಿಯಾಕೆ ಹತ್ತಿದಳು. ಕಿರಿಯಾಕೆ ಸಾಲು ಬಿಟ್ಟು, ಬಂದ ದಾರಿಯಲ್ಲೇ ಶಿಶುವಿಹಾರದ ಕಡೆಗೆ ನಡೆದಳು.