ಕೊನೆಯ ಮೇಜಿನ ಮೇಲೆ ಮಲಗಿದ್ದವಳು

ದೀಪ ಸಣ್ಣದು ಮಾಡಿ. ಮಕ್ಕಳು ಮಲಗಿವೆ ತಾನೆ? ಸರಿ.

ರಾತ್ರಿ ಹನ್ನೊಂದು ದಾಟಿತ್ತು. ಆರ್ವಿಡ್ ಕಾಲೇಜಿನ ಗ್ರಂಥಾಲಯದಿಂದ ತನ್ನ ಕೋಣೆಗೆ ದಿಬ್ಬ ಹತ್ತುತ್ತಿದ್ದ. ಅರ್ಧ ದಾರಿಯಲ್ಲಿ ಹಲಗೆ ಮುಚ್ಚಿದ ಹಳೇ ಬಾವಿಯೊಂದಿದೆ. ಅದರ ಪಕ್ಕದ್ದೇ ವಿದ್ಯಾರ್ಥಿಗಳು ಅಭ್ಯಾಸ ಮಾಡುವ ಕಟ್ಟಡ. ಕೆಳಗೆ ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ಗೂಡ್ಸ್ ರೈಲು ಗಡಕ್... ಗಡಕ್... ಎಂದು ದೂರವಾಯಿತು. ಆಮೇಲೆ ಏನೂ ಇಲ್ಲ.

ಆಗ ಕಟ್ಟಡದ ಒಳಗಿನಿಂದ ಒಂದು ಸದ್ದು. ಟಕ್.

ಈ ಆರ್ವಿಡ್ ಬೇರೆ ಯಾರೂ ಅಲ್ಲ, ನಮ್ಮ ಪಕ್ಕದ ಹೊಲದ ಟ್ವೆಡ್ಟ್ ಅವರ ಕಿರಿಯ ಮಗ. ಅವರು ಮೂವತ್ತು ವರ್ಷ ಈ ಊರಿನ ಕೈರೊಪ್ರಾಕ್ಟರ್. ಔಷಧಿಯಿಲ್ಲ, ಕತ್ತರಿಯಿಲ್ಲ, ಕೈಯಿಂದಲೇ ಬೆನ್ನುಮೂಳೆ ಸರಿಮಾಡುತ್ತಿದ್ದರು. ಬಾಗಿ ಬಂದವರು ನೆಟ್ಟಗೆ ಹೋಗುತ್ತಿದ್ದರು. ಜೋಳ ಬಿತ್ತುವ ಕಾಲಕ್ಕೆ ತೀರಿಕೊಂಡರು. ಸೆಪ್ಟೆಂಬರಿಗೆ ಮಗ ಅದೇ ವಿದ್ಯೆ ಕಲಿಯಲು ಕಾಲೇಜು ಸೇರಿದ. “ನೀನು ಬರೋವರೆಗೂ ಸೊಂಟ ಬಿಗಿಹಿಡ್ಕೊಂಡಿರ್ತೀವಿ ಕಣಪ್ಪ,” ಎಂದು ಊರವರು ಕಳಿಸಿಕೊಟ್ಟರು.

ಆದರೆ ಅಪ್ಪನ ಶವಪೆಟ್ಟಿಗೆಗೆ ಹೆಗಲು ಕೊಟ್ಟ ದಿನದಿಂದ ಹುಡುಗನ ಬೆರಳುಗಳಿಗೆ ಮುಟ್ಟಿದ್ದೇನೂ ತಿಳಿಯುತ್ತಿರಲಿಲ್ಲ. ಬೆರಳಿಗಷ್ಟೇ ಏಕೆ, ಅವನಿಗೇ ಏನೂ ತಿಳಿಯುತ್ತಿರಲಿಲ್ಲ. ಊಟ ಮಾಡುತ್ತಿದ್ದ, ರುಚಿ ಇಲ್ಲ. ಮಲಗುತ್ತಿದ್ದ, ನಿದ್ದೆ ಇಲ್ಲ. ಯಾರಿಗೂ ಹೇಳಿರಲಿಲ್ಲ.

ಆ ಕಾಲೇಜಿನಲ್ಲಿ ಬೆರಳು ಪಳಗಿಸಲು ಒಂದು ಅಭ್ಯಾಸವಿದೆ. ಟೆಲಿಫೋನ್ ಡೈರೆಕ್ಟರಿಯ ಹಾಳೆಯ ಕೆಳಗೆ ಒಂದು ತಲೆಗೂದಲು ಇಟ್ಟು, ಕಣ್ಣುಮುಚ್ಚಿ ಹುಡುಕಬೇಕು. ಸಿಕ್ಕರೆ ಇನ್ನೊಂದು ಹಾಳೆ. ಜೊತೆಗೆ ಓದುತ್ತಿದ್ದ ರೊಸಾಲಿ ಹನ್ನೊಂದು ಹಾಳೆ ತಲುಪಿದ್ದಳು.

“ನಿನ್ನದೆಷ್ಟೋ?”

“ಒಂದೂ ಇಲ್ಲ.”

“ಕೂದಲು ಇಟ್ಕೊಂಡಿದ್ದೀಯೋ ಇಲ್ವೋ ನೋಡು ಮಾರಾಯ!” ಎಂದು ನಕ್ಕಳು. ಅವನು ನಗಲಿಲ್ಲ ಎಂದು ಕಂಡಾಗ ಅವಳೂ ನಿಲ್ಲಿಸಿದಳು. “ಶುಕ್ರವಾರ ಪರೀಕ್ಷೆ ಕಣೋ. ಬೆನ್ನುಮೂಳೆಯ ಮಣಿ ಮುಟ್ಟಿ ತೋರಿಸದಿದ್ರೆ ಮನೆಗೆ ಕಳಿಸಿಬಿಡ್ತಾರೆ. ಏನಾದ್ರೂ ಮಾಡು.”

ನಾನು ಹೇಳುತ್ತಿರುವ ಈ ರಾತ್ರಿ ಗುರುವಾರ.

ಟಕ್... ಮತ್ತೆ ಟಕ್. ಅವನಿಗೆ ಆ ಸದ್ದು ಗೊತ್ತು. ಅಭ್ಯಾಸದ ಮೇಜಿನಲ್ಲಿ ಸೊಂಟದ ಕೆಳಗಿನ ತುಂಡನ್ನು ಅರ್ಧ ಅಂಗುಲ ಎತ್ತಿಟ್ಟಿರುತ್ತಾರೆ. ಬೆನ್ನು ಒತ್ತಿದಾಗ ಅದು ಟಕ್ ಎಂದು ಕೆಳಕ್ಕೆ ಬೀಳುತ್ತದೆ. ಯಾರೋ ಅಭ್ಯಾಸ ಮಾಡುತ್ತಿದ್ದಾರೆ, ನನಗೂ ಮುಟ್ಟಿ ಕಲಿಯಲು ಒಂದು ಬೆನ್ನು ಸಿಗಬಹುದು ಎಂದುಕೊಂಡ. ಬಾಗಿಲು ತೆರೆದೇ ಇತ್ತು.

ಒಳಗೆ ಬಾಗಿಲ ಮೇಲಿನ ಕೆಂಪು ದೀಪವೊಂದೇ. ಹದಿನಾಲ್ಕು ಮೇಜು. ಕೊನೆಯದರ ಮೇಲೆ ಒಬ್ಬಳು ಬೋರಲು ಮಲಗಿದ್ದಳು. ಹಿಂದೆ ತೆರೆದ ಬೂದು ಅಂಗಿ, ಎಲ್ಲ ವಿದ್ಯಾರ್ಥಿಗಳದ್ದೂ ಅದೇ. ಮುಖ ಇಡಲೆಂದೇ ಮೇಜಿನಲ್ಲಿ ಬಿಟ್ಟ ಸಂದಿಯಲ್ಲಿ ಮುಖ. ಒತ್ತುತ್ತಿದ್ದವರು ಯಾರೂ ಕಾಣಲಿಲ್ಲ.

ಮುಟ್ಟುವ ಮುಂಚೆ ಅಪ್ಪಣೆ ಕೇಳಬೇಕೆಂದು ಅಲ್ಲಿ ಮೊದಲ ದಿನವೇ ಕಲಿಸುತ್ತಾರೆ. ಹೆಸರು ಕೇಳಬೇಕೆಂದು ಕಲಿಸುವುದಿಲ್ಲ.

“ಮುಟ್ಟಲಾ?” ಎಂದ.

“ಮುಟ್ಟು.” ಪಿಸುಮಾತು.

ಕುತ್ತಿಗೆಯ ಬುಡದಿಂದ ಶುರುಮಾಡಿದ. ಏನೋ ಸಿಕ್ಕಿತು. ಆರು ತಿಂಗಳಲ್ಲಿ ಮೊದಲ ಸಲ ಬೆರಳ ತುದಿಗೆ ಏನೋ ಸಿಕ್ಕಿತು... ತಣ್ಣಗೆ, ಗಟ್ಟಿಯಾಗಿ, ಒಂದರ ಕೆಳಗೊಂದು ಮಣಿ.

“ಅದಲ್ಲ. ಒಂದು ಕೆಳಗೆ.”

ಇಳಿಸಿದ.

“ಹೂಂ. ಅದೇ.”

ಸೊಂಟದವರೆಗೆ ಬಂದ. ಮಣಿ ಉಸಿರಿನ ಜೊತೆ ಹೇಗೆ ಆಡುತ್ತದೆಂದು ನೋಡುವುದು ಕ್ರಮ. “ಉಸಿರು ಒಳಗೆ ತಗೊಳ್ಳಿ,” ಎಂದು ಹೇಳಿ, ಬೆನ್ನು ಏಳಲೆಂದು ಕಾದ.

ಏಳಲಿಲ್ಲ.

ಕಾದ... ಮುಖದ ಕೆಳಗೆ ಹಾಸಿದ ತೆಳು ಕಾಗದ ಎಂಥವರ ಉಸಿರಿಗೂ ಪರಪರ ಅನ್ನುತ್ತದೆ. ಅದು ಸದ್ದೇ ಮಾಡಲಿಲ್ಲ.

“ನಾಳೆ ನಾನಿರ್ತೀನಿ,” ಎಂದಳು.

ಅವನಿಗೆ ಹೆದರಿಕೆ ಆಗಲಿಲ್ಲವಂತೆ. ಏನೂ ಆಗಲಿಲ್ಲವಂತೆ. ಕಲಿಸಿದ ಹಾಗೆ “ಥ್ಯಾಂಕ್ಸ್” ಎಂದು ಹೇಳಿ, ಕೈ ತೊಳೆದುಕೊಂಡು, ಬಾಗಿಲು ಎಳೆದುಕೊಂಡು ಬಂದನಂತೆ. ನನ್ನನ್ನು ಕೇಳಿದರೆ, ನನಗೆ ಭಯ ಆಗುವುದು ಅಲ್ಲೇ.

ಮರುದಿನ ಬೆಳಿಗ್ಗೆ ಪರೀಕ್ಷೆ. ಮೇಜಿನ ಮೇಲೆ ರೊಸಾಲಿ ಬೋರಲು ಮಲಗಿದಳು. ಮೇಷ್ಟರು ಡಾಕ್ಟರ್ ಬ್ಲೀಕರ್ ನಾಲ್ಕು ಹೆಜ್ಜೆ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಂದು ಕೈಯಲ್ಲಿ ಹಾಳೆ, ಇನ್ನೊಂದರಲ್ಲಿ ಪೆನ್ನು.

“ಕುತ್ತಿಗೆಯ ಐದನೆಯ ಮಣಿ.”

ಆರ್ವಿಡ್ ಕಣ್ಣುಮುಚ್ಚಿ, ಎರಡೂ ಕೈಯಿಂದ ಹುಡುಕಿ ತೋರಿಸಿದ. ಆರನೆಯದು ತೋರಿಸಿದ. ಏಳನೆಯದು ತೋರಿಸಿದ. ಒಂದೂ ತಪ್ಪಲಿಲ್ಲ.

“ನಿಮ್ಮಪ್ಪನ ಕೈ ಕಣಯ್ಯ ನಿಂದು,” ಎಂದು ಬ್ಲೀಕರ್ ಸಹಿ ಹಾಕಿದರು.

ಹೊರಗೆ ಬಂದ ಮೇಲೆ ರೊಸಾಲಿ ಅವನನ್ನು ಗೋಡೆಯ ಪಕ್ಕಕ್ಕೆ ಎಳೆದಳು. ಮುಖ ಬಿಳಿಚಿತ್ತು.

“ಒಳಗೆ ಬೇರೆ ಯಾರಿದ್ರು?”

“ಯಾರೂ ಇಲ್ಲ. ಮೇಷ್ಟರು.”

“ಅವರು ಎದ್ದು ಬಂದ್ರಾ?”

“ಇಲ್ಲ.”

“ನಿನ್ನ ಎರಡೂ ಕೈ ನನ್ನ ಕುತ್ತಿಗೆ ಮೇಲಿತ್ತು. ಅಲ್ವಾ?”

“ಹೂಂ.”

“ಹಾಗಾದ್ರೆ ಸೊಂಟದ ಮೇಲೆ ಇನ್ನೊಂದು ಕೈ ಇಟ್ಟಿದ್ದು ಯಾರೋ?”

ಆರ್ವಿಡ್ ತನ್ನ ಎರಡೂ ಕೈ ತಿರುಗಿಸಿ ನೋಡಿಕೊಂಡ.

ನೀವು ಇದನ್ನು ನಂಬಬೇಕೆಂದು ನನ್ನ ಹಟವಿಲ್ಲ. ಆರ್ವಿಡ್ ಈಗ ಅಪ್ಪನ ಕುರ್ಚಿಯಲ್ಲಿದ್ದಾನೆ, ರೊಸಾಲಿ ಅವನ ಹೆಂಡತಿಯಾಗಿ ನಮ್ಮೂರಿಗೇ ಬಂದಿದ್ದಾಳೆ. ಭಾನುವಾರ ಇಗರ್ಜಿಯಲ್ಲಿ ಹಾಡುವವರ ಮುಂದಿನ ಸಾಲಿನಲ್ಲಿ ನಿಲ್ಲುತ್ತಾಳೆ. ನನ್ನ ಹೆಂಡತಿ ಅವಳ ಹಿಂದೆಯೇ. ಜುಲೈ ತಿಂಗಳ ಸೆಕೆ ನಿಮಗೆ ಗೊತ್ತಲ್ಲ, ಎಲ್ಲರ ಬಟ್ಟೆಯೂ ಬೆವರಿಗೆ ಬೆನ್ನಿಗೆ ಅಂಟಿಕೊಂಡಿರುತ್ತದೆ. ರೊಸಾಲಿಯದ್ದೂ ಅಷ್ಟೇ. ಆದರೆ ಸೊಂಟದ ಮೇಲೆ, ಎಡಕ್ಕೆ, ಒಂದು ಅಂಗೈಯಷ್ಟು ಜಾಗ ಒಣಗಿಯೇ ಇರುತ್ತದೆ. ನಾಲ್ಕು ಬೆರಳು, ಒಂದು ಹೆಬ್ಬೆರಳು. ದೇವರ ಎದುರಿಗೇ ನಿಂತು, ನನ್ನ ಹೆಂಡತಿ ಕಣ್ಣಾರೆ ನೋಡಿದ್ದಾಳೆ.