ಕುಗ್ಗಿದ ಸಿಮೆಂಟು

ಹಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ವೆಲಿಕಾಳ ಕಿವಿಯೆಲ್ಲ ಪಕ್ಕದಲ್ಲಿದ್ದ ಇಬ್ಬರ ಕಡೆಗೇ ಇತ್ತು. ಒಬ್ಬ, ಅಲ್ಲಿನ ಡಾಕ್ಟರಮ್ಮನ ಅಪ್ಪ ಸ್ಟಾಮೆನ್. ಇನ್ನೊಬ್ಬಳು ಕೆನ್ನೆ ಹಿಡಿದುಕೊಂಡಿದ್ದ ಅವನ ನೆರೆಮನೆಯ ಗೆರ್ಗಿನಾ.

"ನಿನ್ನ ಮಗಳು ಹುಳುಕು ಹಲ್ಲು ತುಂಬಿದಾಗಿಂದ ಮೊಸರು ತಿಂದ್ರೂ ಜುಮ್ ಅನ್ನುತ್ತೆ, ಸ್ಟಾಮೆನಣ್ಣ. ಇವತ್ತು ಸರಿಹೋಗದಿದ್ರೆ ಸೋಫಿಯಾ ಪಟ್ಟಣಕ್ಕೆ ಹೋಗಿ ಹಲ್ಲು ಕೀಳಿಸ್ಕೊಂಡು ಬಿಡ್ತೀನಿ."

"ಹಲ್ಲು ಗಟ್ಟಿಯಾಗೇ ಇದೆ ಕಣಮ್ಮ. ಆ ಬಿಳಿ ಸಿಮೆಂಟು ದೀಪ ಹಿಡಿದು ಒಣಗಿಸುವಾಗ ಕುಗ್ಗುತ್ತಂತೆ. ಒಂದೇ ಸಲಕ್ಕೆ ತುಂಬಿದ್ದಕ್ಕೆ ಹಲ್ಲಿನ ಗೋಡೆಯಿಂದ ಬಿಟ್ಟುಕೊಂಡು ಸಂದಾಗಿದೆ."

"ಹಾಗಾದ್ರೆ ತಪ್ಪು ನಿನ್ನ ಮಗಳದೇ!"

"ಹೂಂ, ಅವಳದೇ. ಹಾಗಂತ ಹೇಳಿದ್ದು ಯಾರು? ಅವಳೇ. ಫೋನ್ ಮಾಡಿ ನಿನ್ನ ಕರೆಸಿದ್ದೂ ಅವಳೇ. ಹಲ್ಲೇ ಹಾಳು ಅಂತ ಕಿತ್ತುಹಾಕಿದ್ರೆ ನಿನಗೇನು ಗೊತ್ತಾಗ್ತಿತ್ತು?"

ಗೆರ್ಗಿನಾ ಕೆನ್ನೆಯಿಂದ ಕೈ ತೆಗೆದಳು. "ಈ ಸಲ ಏನು ಮಾಡ್ತಾಳೆ?"

"ಎಲ್ಲ ಕೆರೆದು ತೆಗೆದು, ಒಲೆಗೆ ಮಣ್ಣು ಮೆತ್ತಿದ ಹಾಗೆ ತೆಳ್ಳಗೆ ಪದರ ಪದರವಾಗಿ ತುಂಬ್ತಾಳೆ."

"ನೀನು ಮೆತ್ತಿದ ಒಲೇಲಿ ಬ್ರೆಡ್ಡಿಗಿಂತ ಹೊಗೆನೇ ಜಾಸ್ತಿ!"

"ಅವಳು ನನ್ನ ಹಾಗಲ್ಲ ಬಿಡು."

ಬಾಗಿಲು ತೆರೆದು ಡಾಕ್ಟರಮ್ಮ, "ಬನ್ನಿ ಗೆರ್ಗಿನಾ ಅತ್ತೆ," ಎಂದಳು. ಗೆರ್ಗಿನಾ ಎದ್ದಳು. ಸ್ಟಾಮೆನನೂ ಎದ್ದ.

"ನೀನ್ಯಾಕೆ? ಹಲ್ಲು ನಂದು."

"ಮಗಳು ನನ್ನೋಳು," ಎಂದು ಟೋಪಿ ತೆಗೆದು ಕೈಯಲ್ಲಿ ಹಿಡಿದು, ಅವನೂ ಅವಳ ಹಿಂದೆಯೇ ಒಳಗೆ ಹೋದ.