ಪೂಜೆಗಿಟ್ಟ ಎಪಿಐ ಕೀ

"ಹಲೋ... ಯಾರ್ರಿ ಮಾತಾಡೋದು? ಹಾಂ, ಶಹಾಪುರದ ಮನ್ಸೂರಅಲಿ ಏನೋ. ನಾ ಕೆಂಭಾವಿ ಅರಿವಿ ಅಂಗಡಿ ಮಲ್ಲಣ್ಣ. ನಿನ್ನ ಫೋನೇ ಕಾಯಾಕತ್ತಿದ್ದೆ ತಮ್ಮಾ."

...

"ನೀ ಹಾಕಿಕೊಟ್ಟ ಆಪ್ ಚಲೋನ ಅದ. ದಿನಾ ಮುಂಜಾನಿ ತಾನಾಗೇ ಇಂಟರ್ನೆಟ್ಟಿನಾಗಿನ ನಮ್ಮ ಅಂಗಡಿ ಪೇಜಿನಾಗ ಸೀರಿ ಫೋಟೋ ಹಾಕ್ತದ. ಆದ್ರ ನಿನ್ನಿಯಿಂದ ಅದೇ ಪೇಜಿನಾಗ 'ಕೆಂಭಾವ್ಯಾಗ ಯಾಕ ತಗೋತೀರಿ, ಸುರಪುರಕ್ಕ ಬರ್ರಿ, ಅರ್ಧಾ ರೇಟು' ಅಂತ ಬರಾಕತ್ತದ. ನಮ್ಮ ಗಿರಾಕಿ ನನಗೇ ತೋರಿಸಿ, ಸುರಪುರ ಬಸ್ ಯಾವಾಗದ ಅಂತ ಕೇಳಾಕತ್ತಾರ."

ಊರಿಗೆಲ್ಲ ಬುದ್ಧಿ ಹೇಳುವ ಮಲ್ಲಣ್ಣ ಗಾದಿಯ ಮೇಲೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ.

"ಏನಂದಿ? ಎಪಿಐ ಕೀ, ಆಪಿನ ಆ ಉದ್ದನ್ನ ಗುಟ್ಟಿನ ನಂಬರು, ಯಾರಿಗರ ಕೊಟ್ಟೇನೇನು? ಛೇ, ಇಲ್ಲ. ಅದು ಯಾರ ಕೈಯಾಗಿರ್ತದೋ ಅವರು ನಮ್ಮ ಪೇಜಿನಾಗ ಏನ ಬೇಕಾದ್ದು ಹಾಕಬಹುದು, ಜ್ವಾಪಾನ ಅಂತ ನೀನೇ ಹೇಳಿದ್ದಿಲ್ಲೇನು?"

...

"ಫೋಟೋ?... ಹಾಂ, ದೀಪಾವಳಿಗೆ ಅಂಗಡಿ ಪೂಜಿ ಮಾಡಿದ್ವಿ. ಗಲ್ಲಾಪೆಟ್ಟಿಗಿ ಇಟ್ವಿ, ಕತ್ತರಿ ಇಟ್ವಿ. ಕೀ ಸೈತ ದೊಡ್ಡ ಅಕ್ಷರದಾಗ ಪ್ರಿಂಟ್ ತೆಗಿಸಿ, ಕುಂಕುಮ ಹಚ್ಚಿ ಇಟ್ವಿ. ದಂಧೆ ನಡಸೋ ಸಾಮಾನಿಗೆ ಪೂಜಿ ಬ್ಯಾಡೇನು? ಫೋಟೋ ಬೀಗರಾಗೋರಿಗಷ್ಟೇ ಕಳಿಸೀನಿ."

...

"ಅವರ ಊರಾ?... ಸುರಪುರ."

ಹೇಳಿದವನೇ ಮಲ್ಲಣ್ಣ ಗಾದಿಯಿಂದ ಎದ್ದು ನಿಂತ.

"ಹಾಂ... ಅವರದೂ ಅರಿವಿ ಅಂಗಡೀನ. ಅವರ ಆಪೂ ಕೀ ಕೇಳಿರಬೇಕು. ಫೋಟೋ ನೋಡಿ ನಮ್ಮದೇ ಹಾಕ್ಯಾರ. ಮನಿಮಂದೀದು ಅಂತ ತಿಳ್ಕೊಂಡಿರಬೇಕು, ಅಲ್ಲೇನು?... ಅಲ್ಲೇನು ಮನ್ಸೂರ?"

...

"ಒಂದು ಬಟನ್ ಒತ್ತಿದ್ರ ಕೀ ರದ್ದಾಗ್ತದ, ಖರೇ. ಆದ್ರ ಅವರು ಮುನಿಸ್ಕೋತಾರ. ನಾಳಿ ಗುರುದೇವಿ ನಿಶ್ಚಯ ಅದ. ಮದುವಿ ಆಗೋತನಕ ಹಂಗೇ ಇರಲಿ ಬಿಡು. ಮಗಳಿಗಿಂತ ಗಿರಾಕಿ ಹೆಚ್ಚಲ್ಲ."

ಗುರುದೇವಿ ಪಕ್ಕದಲ್ಲೇ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತಿದ್ದಳು. ಅಪ್ಪನ ಮಾತು ಮುಗಿಯುವವರೆಗೂ ಅವಳು ಕಾಯಲಿಲ್ಲ.

"ಹಲೋ... ಮನ್ಸೂರ, ಕಂಪ್ಯೂಟರಿನಾಗ ಕೀ ರದ್ದಾಗ್ಯದ ಅಂತ ಬಂತಲ್ಲೋ. ನಾ ಒತ್ತಿಲ್ಲ. ಇಕೀ ಒತ್ಯಾಳ."

...

"ಏನಂತಾಳಾ? 'ಕೇಳದೇ ನಿಮ್ಮ ಪೇಜ್ ತಗೊಂಡವರು ನಾಳಿ ನನ್ನ ಫೋನ್ ನನ್ನ ಕೈಯಾಗ ಬಿಡ್ತಾರೇನಪ್ಪ' ಅಂತಾಳ. ಏನ ಹೇಳ್ಲಿ ಇಕೀಗಿ?"

...

"ತಡಿ, ತಡಿ, ಬೀಗರ ಫೋನ್ ಬರಾಕತ್ತದ. ಕೀ ಕೆಟ್ಟುಹೋಗ್ಯದ ಅಂತ ಹೇಳ್ಲೇನು? ಆಪ್ ಕಂಪನಿಯವರೇ ತೆಗೆದ್ರು ಅನ್ಲೇನು?... ಏ ಗುರುದೇವಿ, ಕೊಡಿಲ್ಲಿ ಫೋನು. ನೀ ಮಾತಾಡಬ್ಯಾಡ, ನಾ ಅವರಿಗೆ..."

ಮನ್ಸೂರಅಲಿಯ ಲೈನು ಕಟ್ಟಾಯಿತು. ಅಪ್ಪನ ಕೈಯಿಂದ ಫೋನು ಕಿತ್ತುಕೊಂಡು ಗುರುದೇವಿ ಬೀಗರ ಕರೆ ಎತ್ತಿದ್ದಳು.